ಎಪ್ಪತ್ತರ ಗೆರೆ: ತಲೆ-ಕತ್ತಿನ ಕ್ಯಾನ್ಸರಿನಲ್ಲಿ ವಯಸ್ಸಿನ ಲೆಕ್ಕ ಬೆಳೆದುಬಂದ ಬಗೆ

ಬಾಯಿ, ನಾಲಗೆ, ಒಸಡು, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಒಳಭಾಗ ಹಾಗೂ ಅದರ ಸುತ್ತಲಿನ ಸೈನಸ್‌ಗಳಲ್ಲಿ ಹುಟ್ಟುವ ಗಡ್ಡೆಗಳನ್ನು ವೈದ್ಯಶಾಸ್ತ್ರವು ತಲೆ-ಕತ್ತಿನ ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ತರುತ್ತದೆ. ಇವುಗಳಲ್ಲಿ ಬಹುಪಾಲು ಈ ಅವಯವಗಳ ಒಳಮೈಯನ್ನು ಹೊದ್ದಿರುವ ಚಪ್ಪಟೆ ಕೋಶಗಳ ಪದರದಿಂದ ಹುಟ್ಟುವಂಥವು. ಈ ರೋಗಕ್ಕೆ ಒಳಗಾದವರು ಎಷ್ಟು ಕಾಲ ಬದುಕಿಯಾರು ಎಂದು ಅಂದಾಜು ಮಾಡುವಾಗ ಗಡ್ಡೆಯ ಗಾತ್ರವನ್ನೂ ಅದು ಕತ್ತಿನ ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂಬುದನ್ನೂ ನೋಡುವ ವೈದ್ಯರು, ಅದರ ಜೊತೆಗೆ ರೋಗಿಯ ವಯಸ್ಸನ್ನೂ ತೂಕಕ್ಕಿಟ್ಟು ನೋಡುತ್ತ ಬಂದಿದ್ದಾರೆ. ಆದರೆ ಈ ರೂಢಿಯ ಚರಿತ್ರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓದಿಕೊಂಡು ಬಂದರೆ, ವಯಸ್ಸಿನ ಪರಿಣಾಮವೆಂದು ದಾಖಲಾದದ್ದರಲ್ಲಿ ಗಣನೀಯವಾದ ಪಾಲು ವಯಸ್ಸನ್ನು ಕಂಡು ಕೈಬಿಟ್ಟ ಚಿಕಿತ್ಸೆಯ ಪರಿಣಾಮವಾಗಿತ್ತೆಂಬುದು, ಮತ್ತು ಈ ಎರಡನ್ನು ಬೇರ್ಪಡಿಸಿ ನೋಡುವ ಉಪಕರಣಗಳು ವೈದ್ಯಲೋಕಕ್ಕೆ ತೀರ ತಡವಾಗಿ ದೊರೆತವೆಂಬುದು ಸ್ಪಷ್ಟವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಶಸ್ತ್ರವೈದ್ಯರು ಮುದುಕರ ವಿಷಯದಲ್ಲಿ ಹಿಂಜರಿಯುತ್ತಿದ್ದುದಕ್ಕೆ ಕಾರಣವಿತ್ತು. 1873ರ ಡಿಸೆಂಬರ್ 31ರಂದು ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋತ್ ಕ್ಯಾನ್ಸರ್ ತಗುಲಿದ ಧ್ವನಿಪೆಟ್ಟಿಗೆಯನ್ನು ಇಡಿಯಾಗಿ ತೆಗೆದಾಗ, ಆ ರೋಗಿ 36 ವರ್ಷದ ಧರ್ಮಬೋಧಕನಾಗಿದ್ದ. ಬಿಲ್ರೋತ್‌ನ ಸಹಾಯಕ ಕಾರ್ಲ್ ಗುಸೆನ್‌ಬಾವರ್ ರೂಪಿಸಿದ ಕೃತಕ ಧ್ವನಿಪೆಟ್ಟಿಗೆಯಿಂದ ಅವನು ಮಾತನಾಡಲೂ ಶಕ್ತನಾದ, ಆದರೂ ಏಳು ತಿಂಗಳ ಸುಮಾರಿಗೆ ರೋಗ ಮರುಕಳಿಸಿ ತೀರಿಕೊಂಡ. ಅಂದಿನ ಕ್ಲೋರೋಫಾರ್ಮ್ ಅರಿವಳಿಕೆಯಲ್ಲಿ ಬಾಯಿಯ ರಕ್ತ ಶ್ವಾಸಕೋಶಕ್ಕೆ ಇಳಿದು, ಶಸ್ತ್ರಕ್ರಿಯೆ ಗೆದ್ದ ಮೇಲೂ ನ್ಯುಮೋನಿಯಾದಿಂದ ರೋಗಿ ಸಾಯುವುದು ಸಾಮಾನ್ಯವಾಗಿತ್ತು. ಇದನ್ನು ತಡೆಯಲು ಫ್ರೀಡ್ರಿಕ್ ಟ್ರೆಂಡೆಲೆನ್‌ಬುರ್ಗ್ 1870ರ ಆಸುಪಾಸಿನಲ್ಲಿ, ಶ್ವಾಸನಾಳದೊಳಗೆ ಗಾಳಿ ತುಂಬಿ ಉಬ್ಬಿಸಬಹುದಾದ ಪಟ್ಟಿಯುಳ್ಳ ಕೊಳವೆಯನ್ನು ಬಳಕೆಗೆ ತಂದಿದ್ದ. ವಯಸ್ಸಾದವರ ಶ್ವಾಸಕೋಶಕ್ಕೆ ಇಂಥ ಪೆಟ್ಟನ್ನು ತಾಳುವ ಶಕ್ತಿ ಕಡಿಮೆಯಾದ್ದರಿಂದ, ಆ ಕಾಲದಲ್ಲಿ ವಯಸ್ಸು ನಿಜವಾಗಿಯೂ ಒಂದು ಅಪಾಯವೇ ಆಗಿತ್ತು. ತೊಡಕು ಇರುವುದು ಅದರ ಮುಂದಿನ ಕಥೆಯಲ್ಲಿ: ಅಪಾಯದ ಕಾರಣಗಳು ಒಂದೊಂದಾಗಿ ನೀಗಿದರೂ ಅವುಗಳಿಂದ ಹುಟ್ಟಿದ ಹಿಂಜರಿಕೆ ಉಳಿದುಕೊಂಡಿತು.

ಆ ಯುಗದ ಇಬ್ಬರು ಪ್ರಸಿದ್ಧ ರೋಗಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಕಲ್ಕತ್ತೆಯ ರಾಮಕೃಷ್ಣ ಪರಮಹಂಸರಿಗೆ 1885ರಲ್ಲಿ ಗಂಟಲಿನ ಬೇನೆ ಕಾಣಿಸಿಕೊಂಡಿತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು ಹೋಮಿಯೋಪಥಿ ಔಷಧ ಕೊಟ್ಟು ನೋಡಿಕೊಂಡರು, ಶಿಷ್ಯರು ಅವರನ್ನು ಶ್ಯಾಮಪುಕುರಕ್ಕೂ ಬಳಿಕ ಕಾಶೀಪುರದ ತೋಟದ ಮನೆಗೂ ಕರೆತಂದು ಶುಶ್ರೂಷೆ ಮಾಡಿದರು, ಆದರೆ 1886ರ ಆಗಸ್ಟ್ 16ರಂದು, ಐವತ್ತನೆಯ ವಯಸ್ಸಿನಲ್ಲಿ, ಅವರು ದೇಹ ಬಿಟ್ಟರು. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್‌ಗೆ ಮೇಲ್ದವಡೆಯ ಮತ್ತು ಅಂಗುಳಿನ ಕ್ಯಾನ್ಸರ್ ಪತ್ತೆಯಾದದ್ದು 1923ರಲ್ಲಿ, ಅವನಿಗೆ ಅರವತ್ತೇಳು ತುಂಬುವ ಹೊತ್ತಿಗೆ. ಆ ವರ್ಷದ ಅಕ್ಟೋಬರಿನಲ್ಲಿ ಹಾನ್ಸ್ ಪಿಖ್ಲರ್ ಎಂಬ ದವಡೆಯ ಶಸ್ತ್ರವೈದ್ಯ ಬಲಭಾಗದ ಮೇಲ್ದವಡೆಯ ಮತ್ತು ಅಂಗುಳಿನ ಬಹುಭಾಗವನ್ನು ತೆಗೆದುಹಾಕಿದ. ಬಾಯಿ ಮತ್ತು ಮೂಗು ಒಂದೇ ಗುಹೆಯಾಗಿಬಿಟ್ಟದ್ದರಿಂದ ಅವೆರಡನ್ನು ಬೇರ್ಪಡಿಸುವ ಕೃತಕ ಅಂಗುಳೊಂದನ್ನು ಫ್ರಾಯ್ಡ್ ಉಳಿದ ಆಯುಷ್ಯವಿಡೀ ಧರಿಸಬೇಕಾಯಿತು. ಅದನ್ನು ತೆಗೆಯುವುದೂ ಹಾಕುವುದೂ ಯಾತನೆಯ ಕೆಲಸವಾಗಿತ್ತು, ಬಹಳ ಹೊತ್ತು ತೆಗೆದಿಟ್ಟರೆ ಒಳಗಿನ ಮಾಂಸ ಕುಗ್ಗಿ ಅದು ಮತ್ತೆ ಕೂರುತ್ತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಸಣ್ಣ-ದೊಡ್ಡ ಶಸ್ತ್ರಕ್ರಿಯೆಗಳನ್ನು ಸಹಿಸಿ ಅವನು 1939ರ ಸೆಪ್ಟೆಂಬರ್ 23ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು 83 ಆಗಿತ್ತು. ಎರಡು ಜೀವನಗಳಿಂದ ಸಿದ್ಧಾಂತ ಕಟ್ಟಲಾಗದು, ರೋಗದ ತಾಣವೂ ಎರಡರಲ್ಲಿ ಬೇರೆ. ಆದರೂ ಐವತ್ತರವರು ಒಂದು ವರ್ಷದ ಸುಮಾರಿಗೆ ತೀರಿಕೊಂಡದ್ದೂ ಅರವತ್ತೇಳರವನು ಹದಿನಾರು ವರ್ಷ ಬದುಕಿದ್ದೂ, ಹುಟ್ಟಿದ ಇಸವಿಯೊಂದೇ ಆಯುಷ್ಯವನ್ನು ನಿರ್ಧರಿಸುವುದಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆ.

ಹಿಂಜರಿಕೆಯ ಕಾರಣಗಳನ್ನು ನೀಗಿದ ಬದಲಾವಣೆಗಳಲ್ಲಿ ಮುಖ್ಯವಾದುದು ಬಂದದ್ದು ಯುದ್ಧದಿಂದ. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಹೆರಾಲ್ಡ್ ಗಿಲೀಸ್ ಹೊಸ ಮುಖ ಕಟ್ಟಿಕೊಡುತ್ತಿದ್ದಾಗ, ಅರಿವಳಿಕೆ ವೈದ್ಯ ಐವನ್ ಮ್ಯಾಗಿಲ್ ಶ್ವಾಸನಾಳಕ್ಕೇ ಕೊಳವೆ ಇಳಿಸಿ ಅರಿವಳಿಕೆ ಕೊಡುವ ಕ್ರಮವನ್ನು ಪಳಗಿಸಿದ. ತರುಣ ಸೈನಿಕರಿಗಾಗಿ ಹುಟ್ಟಿದ ಈ ಕ್ರಮದಿಂದ ಮುಂದೆ ಬಾಯಿ-ಗಂಟಲಿನ ಕ್ಯಾನ್ಸರಿನ ವೃದ್ಧರಿಗೆ ಆದ ಉಪಕಾರ ಬಹಳ ದೊಡ್ಡದು. ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ ಕ್ಲೋದ್ ರೆಗೋ ಮತ್ತು ಆನ್ರಿ ಕುತಾರ್ 1920ರ ದಶಕದಲ್ಲಿ ವಿಕಿರಣವನ್ನು ಒಂದೇ ಸಲಕ್ಕೆ ಸುರಿಯದೆ ಹಲವು ದಿನಗಳಿಗೆ ಹಂಚಿ ಕೊಟ್ಟು ಧ್ವನಿಪೆಟ್ಟಿಗೆಯ ಗಡ್ಡೆಯನ್ನು ಕತ್ತಿಯಿಲ್ಲದೆ ಕರಗಿಸಿ ತೋರಿಸಿದರು. ಅಮೆರಿಕದ ಜಾರ್ಜ್ ಕ್ರೈಲ್ 1906ರಲ್ಲಿ 132 ಶಸ್ತ್ರಕ್ರಿಯೆಗಳ ಆಧಾರದ ಮೇಲೆ ಕತ್ತಿನ ದುಗ್ಧಗ್ರಂಥಿಗಳನ್ನು ಒಂದೇ ಗಂಟಾಗಿ ತೆಗೆಯುವ ಕ್ರಮವನ್ನು ವಿವರಿಸಿದ್ದ. ನ್ಯೂಯಾರ್ಕಿನ ಹೇಯ್ಸ್ ಮಾರ್ಟಿನ್ ಮುಂದೆ ಅದನ್ನು ವ್ಯಾಪಕ ಬಳಕೆಗೆ ತಂದ. ಪೆನಿಸಿಲಿನ್ ಮತ್ತು ರಕ್ತ ಪೂರಣದ ಸೌಲಭ್ಯ ಸೇರಿಕೊಂಡ ಮೇಲೆ, 1970-80ರ ದಶಕಗಳಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳ ಶಸ್ತ್ರವೈದ್ಯರು ತಮ್ಮ ವೃದ್ಧ ರೋಗಿಗಳ ಲೆಕ್ಕ ತೆಗೆದು, ಹೃದಯ ಮತ್ತು ಶ್ವಾಸಕೋಶ ಗಟ್ಟಿಯಿದ್ದರೆ ವಯಸ್ಸೊಂದೇ ದೊಡ್ಡ ಶಸ್ತ್ರಕ್ರಿಯೆಗೆ ಅಡ್ಡಿಯಾಗಬೇಕಿಲ್ಲವೆಂದು ಬರೆಯತೊಡಗಿದರು.

ದಕ್ಷಿಣ ಭಾರತದಲ್ಲಿ ಈ ಕಥೆ ಬೇರೊಂದು ದಿಕ್ಕಿನಿಂದ ಆರಂಭವಾಗುತ್ತದೆ. ತಾಂಬೂಲದ ಭೋಗವನ್ನು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ವಿವರಿಸಿದ್ದಾನೆ. ಎಲೆಯಡಿಕೆಯ ಚೀಲ ಹೊರುವ ಹಡಪದ ಕಾಯಕಕ್ಕೆ ಅದೇ ಶತಮಾನದ ವಚನಕಾರ ಹಡಪದ ಅಪ್ಪಣ್ಣನ ಹೆಸರೇ ಆಧಾರ. ಆದರೆ ಆ ತಾಂಬೂಲದಲ್ಲಿ ಹೊಗೆಸೊಪ್ಪು ಇರಲಿಲ್ಲ. ತಂಬಾಕು ಪೋರ್ಚುಗೀಸರೊಂದಿಗೆ ಪಶ್ಚಿಮ ಕರಾವಳಿಗೆ ಬಂದು ದಖ್ಖನ್ನಿಗೆ ಹರಡಿತು, ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ಆದಿಲ್‌ಶಾಹಿಗಳ ವಿಜಯಪುರದಿಂದಲೇ ಮೊಘಲ್ ಆಸ್ಥಾನಕ್ಕೆ ಒಯ್ದ. ಎಲೆ, ಅಡಿಕೆ, ಸುಣ್ಣಗಳ ಜೊತೆ ಹೊಗೆಸೊಪ್ಪೂ ಕಡ್ಡಿಪುಡಿಯೂ ಸೇರಿ ಜನಸಾಮಾನ್ಯರ ದಿನನಿತ್ಯದ ಕವಳವಾಗಿ ನೆಲೆಯೂರಿದ ಮೇಲೆ, ಬಾಯಿಯ ಕ್ಯಾನ್ಸರಿಗೆ ಬೇಕಾದ ನೆಲ ಹದವಾಯಿತು. ಮದರಾಸಿನ ನಿಬ್ಲಾಕ್ ಎಂಬ ವೈದ್ಯ 1902ರಲ್ಲಿ ವೀಳ್ಯ ಜಗಿಯುವ ಚಟಕ್ಕೂ ಕೆನ್ನೆಯೊಳಗಿನ ಕ್ಯಾನ್ಸರಿಗೂ ಇರುವ ನಂಟನ್ನು ಗುರುತಿಸಿದ. ತಿರುವಾಂಕೂರಿನ ದಕ್ಷಿಣದಲ್ಲಿ, ಇಂದು ಕನ್ಯಾಕುಮಾರಿ ಜಿಲ್ಲೆಗೆ ಸೇರಿದ ನೆಯ್ಯೂರಿನ ಮಿಷನ್ ಆಸ್ಪತ್ರೆಯಿಂದ 1908ರಲ್ಲಿ ಫೆಲ್ಸ್ ಎಂಬ ವೈದ್ಯ ಬಾಯಿಯ ಕ್ಯಾನ್ಸರಿನ 209 ಶಸ್ತ್ರಕ್ರಿಯೆಗಳ ವಿಶ್ಲೇಷಣೆಯನ್ನೂ ಬೆಂಟಾಲ್ ಎಂಬಾತ 1,700 ಕ್ಯಾನ್ಸರ್ ರೋಗಿಗಳ ಸಾರಾಂಶವನ್ನೂ ಪ್ರಕಟಿಸಿದರು. 1933ರಲ್ಲಿ ಅಯಾನ್ ಆರ್ ಎಂಬ ವೈದ್ಯ ಈ ನಂಟನ್ನು ಇನ್ನಷ್ಟು ವಿವರವಾಗಿ ಲೋಕದ ಮುಂದಿಟ್ಟ.

ಈ ಚಟ ಮತ್ತು ವಯಸ್ಸಿನ ಸಂಬಂಧವನ್ನು ಕನ್ನಡನಾಡಿನ ಮನೆಮನೆಯ ಕುಟ್ಟಾಣಿ ತೋರಿಸಿಕೊಡುತ್ತದೆ. ಹಲ್ಲು ಬಿದ್ದ ಅಜ್ಜ-ಅಜ್ಜಿಯರು ಚಟ ಬಿಡದೆ, ಕಬ್ಬಿಣದ ಅಥವಾ ಹಿತ್ತಾಳೆಯ ಈ ಪುಟ್ಟ ಒರಳಿನಲ್ಲಿ ಎಲೆಯಡಿಕೆಯನ್ನು ಸುಣ್ಣ-ಹೊಗೆಸೊಪ್ಪಿನೊಡನೆ ಕುಟ್ಟಿ ನುಣ್ಣಗೆ ಮಾಡಿ, ಒಸಡು ಮತ್ತು ಕೆನ್ನೆಯ ನಡುವಿನ ಸಂದಿಯಲ್ಲಿ ಗಂಟೆಗಟ್ಟಲೆ ಒತ್ತರಿಸಿಡುತ್ತಿದ್ದರು. ಕೆಲವರು ಅದನ್ನು ಇಟ್ಟುಕೊಂಡೇ ನಿದ್ರೆ ಹೋಗುತ್ತಿದ್ದರು, ಮತ್ತು ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿದ್ರೆಯಲ್ಲೂ ಬಾಯಲ್ಲಿ ಕವಳವಿಡುವವರಿಗೆ ಅಪಾಯ ವಿಶೇಷವಾಗಿ ಹೆಚ್ಚೆಂದು ಕಂಡುಬಂತು. ಹೀಗೆ ಹತ್ತಾರು ವರ್ಷಗಳ ಸಂಪರ್ಕ ಒಂದೇ ಜಾಗದಲ್ಲಿ ಸಂಚಯವಾಗುತ್ತ ಹೋಗುವುದರಿಂದ ವಯಸ್ಸು ಏರಿದಂತೆ ರೋಗ ಹುಟ್ಟುವ ಸಂಭವ ಏರುತ್ತದೆ. ಆದರೆ ರೋಗ ಹುಟ್ಟುವ ಸಂಭವ ಒಂದು, ರೋಗ ಹುಟ್ಟಿದ ಮೇಲೆ ಬದುಕುಳಿಯುವ ಸಂಭವ ಇನ್ನೊಂದು. ಎರಡನ್ನೂ ವಯಸ್ಸೆಂಬ ಒಂದೇ ಕಾರಣಕ್ಕೆ ಕಟ್ಟುವುದು ವೈದ್ಯರ ಬರಹಗಳಲ್ಲೂ ಜನರ ಮಾತಿನಲ್ಲೂ ಬಹುಕಾಲ ನಡೆದುಬಂದ ಗೊಂದಲ.

ವಯಸ್ಸಿನ ಅಂಕಿಯೇ ಇಲ್ಲಿ ನಂಬಲರ್ಹವಾಗಿರಲಿಲ್ಲವೆಂಬುದನ್ನೂ ಮರೆಯಬಾರದು. ಹುಟ್ಟಿದ ದಿನವನ್ನು ಬರೆದಿಡುವ ರೂಢಿಯಿಲ್ಲದ ಹಳ್ಳಿಗಳಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳ ಬರಗಾಲ, ಅಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ, ಅಥವಾ 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು, ವಯಸ್ಸಿನ ಗುರುತುಗಲ್ಲುಗಳಾಗಿದ್ದವು. ಆ ಬರದಲ್ಲಿ ತೊಟ್ಟಿಲಲ್ಲಿದ್ದೆ, ಪ್ಲೇಗಿನ ವರ್ಷ ಮದುವೆಯಾಯಿತು ಎಂಬಂಥ ಮಾತುಗಳಿಂದ ಗುಮಾಸ್ತ ವಯಸ್ಸನ್ನು ಊಹಿಸಿ ಬರೆಯುತ್ತಿದ್ದ. ಭಾರತದ ಜನಗಣತಿಗಳಲ್ಲಿ ಸೊನ್ನೆ ಮತ್ತು ಐದರಿಂದ ಕೊನೆಗೊಳ್ಳುವ ವಯಸ್ಸುಗಳ ಬಳಿ ಜನರು ರಾಶಿಬೀಳುವುದು ಇದರಿಂದಲೇ. ಜನನ-ಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಒಂದೇ ಕಾಯಿದೆಯಡಿ ಕಡ್ಡಾಯ ಮಾಡಿದ್ದು 1969ರಲ್ಲಿ. ಇಂಥ ಅಂದಾಜಿನ ಅರವತ್ತು, ಎಪ್ಪತ್ತುಗಳ ಮೇಲೆ ಚಿಕಿತ್ಸೆಯ ನಿರ್ಧಾರ ನಿಂತಿದ್ದರೆ ಅದು ಎಷ್ಟು ಸಡಿಲವಾದ ಬುನಾದಿಯೆಂಬುದನ್ನು ಯಾರೂ ಊಹಿಸಬಹುದು.

ಬದುಕುಳಿಯುವಿಕೆಯನ್ನು ಊರಿನ ಮಟ್ಟದಲ್ಲಿ ಅಳೆಯಬೇಕಾದರೆ ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಸಾಲದು, ಒಂದು ಪ್ರದೇಶದಲ್ಲಿ ರೋಗ ಕಂಡ ಎಲ್ಲರನ್ನೂ ನೋಂದಾಯಿಸಿ ಹಿಂಬಾಲಿಸಬೇಕು. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲೇ ಬಾಗಿಲು ತೆರೆದಿತ್ತು. ಆ ನಗರದ ಕ್ಯಾನ್ಸರ್ ನೋಂದಣಿ 1963ರಲ್ಲಿ ಮೊದಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದಡಿ 1982ರಿಂದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿಯೂ ಮದರಾಸಿನಲ್ಲಿಯೂ ಅಂಥದೇ ನೋಂದಣಿ ನಡೆಯತೊಡಗಿತು. ಮಾಹಿತಿ ತಾನಾಗಿ ಬರುವುದನ್ನು ಕಾಯದೆ, ನೋಂದಣಿಯ ಸಿಬ್ಬಂದಿಯೇ ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳನ್ನು ಸುತ್ತಿ ವಿವರ ಕಲೆಹಾಕುವ ಆ ಶ್ರಮದ ಫಲವಾಗಿ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1998ರಲ್ಲಿ ಅಭಿವೃದ್ಧಿಶೀಲ ದೇಶಗಳ ಕ್ಯಾನ್ಸರ್ ಬದುಕುಳಿಯುವಿಕೆಯ ಕುರಿತು ಹೊರತಂದ ಗ್ರಂಥದಲ್ಲಿ ಬೆಂಗಳೂರಿನ ಅಂಕಿಗಳೂ ಸೇರಿದವು.

ಅಂಕಿಗಳನ್ನು ಓದುವ ಕ್ರಮವೂ ಈ ನಡುವೆ ಬದಲಾಗಿತ್ತು. ಎಪ್ಪತ್ತೈದು ದಾಟಿದ ನೂರು ರೋಗಿಗಳಲ್ಲಿ ಐದು ವರ್ಷಗಳ ಬಳಿಕ ನಲವತ್ತು ಜನ ಉಳಿದರೆಂದು ಇಟ್ಟುಕೊಂಡರೆ, ಬದುಕುಳಿದವರ ಪ್ರಮಾಣ ಶೇಕಡಾ 40 ಎನಿಸುತ್ತದೆ. ಆದರೆ ಅದೇ ವಯಸ್ಸಿನ, ಕ್ಯಾನ್ಸರಿಲ್ಲದ ನೂರು ಜನರಲ್ಲೂ ಅಷ್ಟರೊಳಗೆ ಇಪ್ಪತ್ತು ಮಂದಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳಿಂದ ತೀರಿಕೊಂಡಿರುತ್ತಾರೆಂದಾದರೆ, ನಲವತ್ತನ್ನು ಹೋಲಿಸಬೇಕಾದದ್ದು ನೂರರೊಡನೆಯಲ್ಲ, ಎಂಬತ್ತರೊಡನೆ, ಮತ್ತು ಆಗ ಪ್ರಮಾಣ ಶೇಕಡಾ 50 ಆಗುತ್ತದೆ. 1950 ಮತ್ತು 60ರ ದಶಕಗಳಲ್ಲಿ ಸಂಖ್ಯಾಶಾಸ್ತ್ರಜ್ಞರು ರೂಢಿಸಿದ ಈ ಕ್ರಮಕ್ಕೆ ಸಾಪೇಕ್ಷ ಬದುಕುಳಿಯುವಿಕೆ ಎಂದು ಹೆಸರು. ಹೀಗೆ ಲೆಕ್ಕಹಾಕಿದಾಗ ಎಳೆಯರಿಗೂ ಹಿರಿಯರಿಗೂ ನಡುವಿನ ಅಂತರ ಪೂರ್ತಿ ಅಳಿಯುವುದಿಲ್ಲ, ಆದರೆ ಗಮನಾರ್ಹವಾಗಿ ಕುಗ್ಗುತ್ತದೆ. ಉಳಿದ ಅಂತರದಲ್ಲಿ ರೋಗದ ಹಂತಕ್ಕೆಷ್ಟು, ಇತರ ಕಾಯಿಲೆಗಳಿಗೆಷ್ಟು, ಅರ್ಧಕ್ಕೆ ನಿಂತ ಅಥವಾ ಆರಂಭವೇ ಆಗದ ಚಿಕಿತ್ಸೆಗೆಷ್ಟು ಎಂಬುದೇ ಮುಂದಿನ ಪ್ರಶ್ನೆಯಾಯಿತು.

ಆ ಪ್ರಶ್ನೆಗೆ ಉತ್ತರ ಹೇಳಬೇಕಾಗಿದ್ದ ಪ್ರಯೋಗಗಳಿಂದ ವೃದ್ಧರನ್ನು ಹೊರಗಿಟ್ಟದ್ದು ಈ ಚರಿತ್ರೆಯ ಅತ್ಯಂತ ವಿಷಾದದ ಅಧ್ಯಾಯ. ಅಮೆರಿಕದ ಒಂದು ದೊಡ್ಡ ಪ್ರಯೋಗ ಸಮೂಹದ ದಾಖಲೆಗಳನ್ನು ಪರಿಶೀಲಿಸಿ 1999ರಲ್ಲಿ ಪ್ರಕಟವಾದ ಲೆಕ್ಕದಂತೆ, ಆ ದೇಶದ ಕ್ಯಾನ್ಸರ್ ರೋಗಿಗಳಲ್ಲಿ ಶೇಕಡಾ 63ರಷ್ಟು ಜನ 65 ದಾಟಿದವರಾಗಿದ್ದರೆ, ಪ್ರಯೋಗಗಳಲ್ಲಿ ಸೇರಿಸಿಕೊಂಡವರಲ್ಲಿ ಅವರ ಪಾಲು ಶೇಕಡಾ 25 ಮಾತ್ರ. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ವಿಕಿರಣದ ಜೊತೆಗೇ ಔಷಧ ಕೊಡುವುದರಿಂದ ಲಾಭವಿದೆಯೇ ಎಂದು ತಿಳಿಯಲು ಫ್ರಾನ್ಸಿನ ಜಾನ್-ಪಿಯೆರ್ ಪಿನ್ಯೋನ್ ಮತ್ತು ಸಂಗಡಿಗರು 93 ಪ್ರಯೋಗಗಳ 17,346 ರೋಗಿಗಳ ವಿವರವನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ವಿಕಿರಣದ ಜೊತೆಗೇ ಔಷಧ ಪಡೆದವರಲ್ಲಿ ಐದು ವರ್ಷಗಳ ಹೊತ್ತಿಗೆ ಬದುಕುಳಿದವರ ಪ್ರಮಾಣ ಶೇಕಡಾ 6.5 ಅಂಶಗಳಷ್ಟು ಹೆಚ್ಚಿದ್ದು ಕಂಡಿತು. ಆದರೆ ಆ ಲಾಭ ವಯಸ್ಸಿನೊಂದಿಗೆ ಇಳಿಯುತ್ತ, ಎಪ್ಪತ್ತು ದಾಟಿದವರಲ್ಲಿ ಇಲ್ಲವೆನ್ನುವಷ್ಟು ಕ್ಷೀಣಿಸಿತು. ಅಲ್ಲಿಂದೀಚೆಗೆ ಎಪ್ಪತ್ತು ಒಂದು ಗೆರೆಯಾಗಿ ಜಗತ್ತಿನ ಆಸ್ಪತ್ರೆಗಳಲ್ಲಿ ನಿಂತಿತು. ಅದೇ ವಿಶ್ಲೇಷಣೆಯ ಇನ್ನೊಂದು ಅಂಶಕ್ಕೆ ಅಷ್ಟು ಗಮನ ಸಿಗಲಿಲ್ಲ: ಐವತ್ತರ ಒಳಗಿನವರ ಸಾವುಗಳಲ್ಲಿ ಶೇಕಡಾ 15 ಮಾತ್ರ ಈ ಕ್ಯಾನ್ಸರಿನಾಚೆಯ ಕಾರಣಗಳಿಂದಾಗಿದ್ದರೆ, ಎಪ್ಪತ್ತು ದಾಟಿದವರಲ್ಲಿ ಅದು ಶೇಕಡಾ 39. ಅಂದರೆ ಔಷಧ ಗಡ್ಡೆಯ ಮೇಲೆ ಕೆಲಸ ಮಾಡಿದ್ದರೂ ಲಾಭ ಲೆಕ್ಕದಲ್ಲಿ ಕಾಣದಂತೆ ಬೇರೆ ಸಾವುಗಳು ಅದನ್ನು ನುಂಗಿರಬಹುದು. ಅದೂ ಅಲ್ಲದೆ ಈ ತೀರ್ಮಾನಕ್ಕೆ ಆಧಾರವಾದ ವೃದ್ಧರ ಸಂಖ್ಯೆ ಕಡಿಮೆ, ಅವರು ಪ್ರಯೋಗಕ್ಕೆ ಆರಿಸಿಕೊಂಡವರು, ಮತ್ತು ಪ್ರಯೋಗಗಳಲ್ಲಿ ಬಹುಪಾಲು ಇಂದಿನ ನಿಖರ ವಿಕಿರಣ ಯಂತ್ರಗಳಿಗಿಂತ ಹಿಂದಿನವು.

ಇನ್ನೊಂದು ತುದಿಯಲ್ಲಿ ಎಳೆಯರ ಬಗೆಗಿನ ನಂಬಿಕೆಯೂ ತಿದ್ದುಪಡಿ ಕಂಡಿತು. ಮೂವತ್ತರೊಳಗಿನವರ ನಾಲಗೆಯ ಕ್ಯಾನ್ಸರಿನ ಬಗ್ಗೆ ಹ್ಯೂಸ್ಟನ್ನಿನ ರಾಬರ್ಟ್ ಬೈಯರ್ಸ್ 1975ರಲ್ಲಿ ಬರೆದ ಬಳಿಕ, ಎಳೆಯರಲ್ಲಿ ಈ ರೋಗ ವಿಶೇಷವಾಗಿ ಉಗ್ರವೆಂಬ ಭಾವನೆ ಬಲವಾಯಿತು. ರೋಗದ ಹಂತ ಒಂದೇ ಆಗಿರುವ ಎಳೆಯ ಮತ್ತು ಹಿರಿಯ ರೋಗಿಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದ ನ್ಯೂಯಾರ್ಕಿನ 1998ರ ಅಧ್ಯಯನದಲ್ಲಿ ಬದುಕುಳಿಯುವಿಕೆಯ ವ್ಯತ್ಯಾಸ ಕಾಣಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನಿಂದ ಬರುವ ಗಂಟಲಿನ ಕ್ಯಾನ್ಸರ್ ಹೆಚ್ಚಿದಾಗ ಲೆಕ್ಕ ಮತ್ತಷ್ಟು ಜಟಿಲವಾಯಿತು. ಅಂಥವರು ಸರಾಸರಿ ಚಿಕ್ಕ ವಯಸ್ಸಿನವರು. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವೈರಸ್ ಇದ್ದ ಗಡ್ಡೆಯವರಲ್ಲಿ ಮೂರು ವರ್ಷ ಬದುಕಿದವರು ಶೇಕಡಾ 82.4, ಇಲ್ಲದವರಲ್ಲಿ ಶೇಕಡಾ 57.1. ವೈರಸ್ಸನ್ನು ಪರೀಕ್ಷಿಸದೆ ಹೋಲಿಸಿದ್ದರೆ ಈ ಅಂತರವೂ ಎಳೆವಯಸ್ಸಿನ ಖಾತೆಗೇ ಜಮೆಯಾಗುತ್ತಿತ್ತು. ಭಾರತದಲ್ಲಿ ಎಳೆಯರಿಗೆ ಬಂದ ರೋಗದ ಮೂಲ ಬೇರೆ: ಕುಟ್ಟಾಣಿಯ ಜಾಗದಲ್ಲಿ ಗುಟ್ಕಾದ ಪೊಟ್ಟಣ ಬಂದಾಗ ಚಟ ಹಿಡಿಯುವ ವಯಸ್ಸೇ ಕೆಳಗಿಳಿಯಿತು, ಬಾಯಿ ತೆರೆಯಲಾಗದಂತೆ ಒಳಚರ್ಮ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಹದಿಹರೆಯದವರಲ್ಲೂ ಕಾಣತೊಡಗಿತು. ಕರ್ನಾಟಕ ಸರ್ಕಾರ ಗುಟ್ಕಾವನ್ನು 2013ರ ಮೇ ತಿಂಗಳಲ್ಲಿ ನಿಷೇಧಿಸಿತು.

ವಯಸ್ಸಿನ ಗೆರೆ ಎಷ್ಟು ಮಾನವನಿರ್ಮಿತವೆಂಬುದಕ್ಕೆ ಕತ್ತಿನಲ್ಲೇ ಇರುವ ಥೈರಾಯ್ಡ್ ಗ್ರಂಥಿಯ ಉದಾಹರಣೆಯಿದೆ. ಆ ಗ್ರಂಥಿಯ ಸಾಮಾನ್ಯ ಬಗೆಯ ಕ್ಯಾನ್ಸರ್‌ಗಳಲ್ಲಿ ಮಾತ್ರ ರೋಗಿಯ ವಯಸ್ಸು ಹಂತ ನಿರ್ಣಯದ ಸೂತ್ರದೊಳಕ್ಕೇ ಸೇರಿದೆ. ದಶಕಗಳ ಕಾಲ 45 ಇದ್ದ ಆ ಗಡಿಯನ್ನು 2018ರ ಆರಂಭದಿಂದ 55ಕ್ಕೆ ಸರಿಸಿದಾಗ, ನಡುವಿನ ಹತ್ತು ವರ್ಷಗಳ ಅನೇಕರು ದೇಹದಲ್ಲಿ ಏನೂ ಬದಲಾಗದೆಯೇ ಕೆಳಗಿನ, ಅಂದರೆ ಹೆಚ್ಚು ಆಶಾದಾಯಕವಾದ ಹಂತಕ್ಕೆ ಸೇರಿದರು.

ಗೆರೆಗೆ ಬದಲಾಗಿ ರೋಗಿಯ ಬಲಾಬಲವನ್ನೇ ಅಳೆಯುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಚುರುಕಾಯಿತು. ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ದೌರ್ಬಲ್ಯ ಮುಂತಾದ ಸಹವ್ಯಾಧಿಗಳಿಗೆ ಅಂಕ ಕೊಡುವ ಸೂಚಿಯನ್ನು ಮೇರಿ ಚಾರ್ಲ್‌ಸನ್ 1987ರಲ್ಲಿ ರೂಪಿಸಿದರು. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಇವುಗಳ ಪ್ರಭಾವವನ್ನು ಅಮೆರಿಕದ ಜೇ ಪಿಚಿರಿಲ್ಲೋ ವಿಸ್ತಾರವಾಗಿ ತೋರಿಸಿಕೊಟ್ಟರು. ಫ್ರಾನ್ಸಿನಲ್ಲಿ ಸಿದ್ಧವಾಗಿ 2012ರಲ್ಲಿ ಪ್ರಕಟವಾದ ಜಿ-8 ಎಂಬ ಎಂಟು ಪ್ರಶ್ನೆಗಳ ಪರೀಕ್ಷೆಯಲ್ಲಿ ರೋಗಿಯ ಊಟ, ಇಳಿದ ತೂಕ, ಓಡಾಟ, ನೆನಪಿನ ಶಕ್ತಿ, ಸೇವಿಸುವ ಔಷಧಗಳ ಸಂಖ್ಯೆ ಮುಂತಾದವನ್ನು ಕೇಳುತ್ತಾರೆ. ಒಟ್ಟು 17 ಅಂಕಗಳಲ್ಲಿ ವಯಸ್ಸಿಗೆ ಮೀಸಲಾದದ್ದು ಎರಡೇ, ಅವೂ ಎಂಬತ್ತು ತುಂಬುವವರೆಗೆ ಕಡಿತವಾಗುವುದಿಲ್ಲ. ಹದಿನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ವೃದ್ಧಾಪ್ಯ ವೈದ್ಯರ ಸಮಗ್ರ ತಪಾಸಣೆಗೆ ಕಳಿಸುತ್ತಾರೆ. ಅಂಥ ತಪಾಸಣೆಯ ಒಂದು ಭಾಗ ಕುರ್ಚಿಯಿಂದೇಳುವ ಪರೀಕ್ಷೆ: ಕೈಯಾಸರೆಯುಳ್ಳ ಕುರ್ಚಿಯಲ್ಲಿ ಕುಳಿತ ರೋಗಿ ಎದ್ದು, ನೆಲದ ಮೇಲೆ ಗುರುತು ಮಾಡಿದ ಮೂರು ಮೀಟರ್ ದೂರಕ್ಕೆ ತನ್ನ ಎಂದಿನ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಕೂರುವುದಕ್ಕೆ ಹಿಡಿಯುವ ಸೆಕೆಂಡುಗಳನ್ನು ದಾದಿ ಎಣಿಸುತ್ತಾಳೆ. 1991ರಲ್ಲಿ ಪ್ರಕಟವಾದ ಈ ಸರಳ ಪರೀಕ್ಷೆಗೆ ಯಂತ್ರವಾಗಲಿ ರಕ್ತದ ಹನಿಯಾಗಲಿ ಬೇಕಿಲ್ಲ, ಜಿಲ್ಲಾ ಆಸ್ಪತ್ರೆಯ ವರಾಂಡದಲ್ಲೂ ಇದನ್ನು ನಡೆಸಬಹುದು. ನಡಿಗೆ, ಸಮತೋಲ ಮತ್ತು ಕಾಲಿನ ಬಲದ ವಿಷಯದಲ್ಲಿ ಜಾತಕದ ಇಸವಿಗಿಂತ ಹೆಚ್ಚಿನ ಸುಳಿವನ್ನು ಅದು ಕೊಡುತ್ತದೆ.

ಭಾರತದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಒಂದು ದಶಕ ಮೊದಲೇ ಬರುವುದರಿಂದಲೂ, ಐವತ್ತೈದಕ್ಕೇ ದುಡಿಮೆ ಮತ್ತು ಅರೆಹೊಟ್ಟೆಯಿಂದ ದೇಹ ಸವೆದವರು ಇಲ್ಲಿ ಧಾರಾಳವಾಗಿ ಇರುವುದರಿಂದಲೂ, ಎಪ್ಪತ್ತೆಂಬ ಗಡಿ ಇಲ್ಲಿಗೆ ಎರಡು ರೀತಿಯಲ್ಲಿ ಹೊಂದುವುದಿಲ್ಲ: ಅದು ಗಟ್ಟಿಮುಟ್ಟಾದ ಹಿರಿಯರನ್ನು ಹೊರಗಿಡುತ್ತದೆ, ದುರ್ಬಲರಾದ ನಡುವಯಸ್ಕರನ್ನು ಗುರುತಿಸದೆ ಬಿಡುತ್ತದೆ. ವಿಕಿರಣದೊಂದಿಗೆ ಸಾಮಾನ್ಯವಾಗಿ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧ ಮೂತ್ರಪಿಂಡಕ್ಕೂ ಕಿವಿಗೂ ಹಾನಿ ಮಾಡುವಂಥದು. ಈ ಅಂಗಗಳು ಮೊದಲೇ ಸೋತವರು ಅದನ್ನು ತಾಳಲಾರರು, ಅಂಥವರಿಗೆ ಬಹುಕಾಲ ಬರಿಯ ವಿಕಿರಣವನ್ನಷ್ಟೇ ಕೊಡಲಾಗುತ್ತಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಸಿಸ್‌ಪ್ಲಾಟಿನ್‌ಗೆ ಅನರ್ಹರಾದ ಇಂಥ ರೋಗಿಗಳನ್ನೇ ಆಯ್ದುಕೊಂಡು, ವಿಕಿರಣದ ಜೊತೆಗೆ ಡೋಸಿಟ್ಯಾಕ್ಸೆಲ್ ಎಂಬ ಔಷಧವನ್ನು ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು: ಎರಡು ವರ್ಷಗಳ ಬಳಿಕ ಬದುಕಿದ್ದವರು ಬರಿಯ ವಿಕಿರಣ ಪಡೆದವರಲ್ಲಿ ಶೇಕಡಾ 41.7 ಇದ್ದರೆ, ಔಷಧವನ್ನೂ ಪಡೆದವರಲ್ಲಿ ಶೇಕಡಾ 50.8.